ಪಟ್ಟಿಯಲ್ಲಿ ಇಲ್ಲದವರನ್ನು ಎಣಿಸುವುದು

ಆಸ್ಪತ್ರೆಯ ವಾರ್ಡಿನಲ್ಲಿ ದುಡಿಯುವ ನರ್ಸಿಗೆ ತನ್ನ ರೋಗಿ ಯಾರು ಎಂಬ ವಿಷಯದಲ್ಲಿ ಸಂದೇಹವಿರುವುದಿಲ್ಲ. ಹಾಸಿಗೆಗೊಂದು ನಂಬರು, ಆ ನಂಬರಿಗೊಂದು ಕೇಸ್ ಪೇಪರು, ಅದರಲ್ಲಿ ಜ್ವರದ ಏರಿಳಿತ, ಕೊಟ್ಟ ಔಷಧಿ, ಬರೆದವರ ಸಹಿ ಎಲ್ಲವೂ ಇರುತ್ತದೆ. ಸಾರ್ವಜನಿಕ ಆರೋಗ್ಯ ವಿಭಾಗದ ನರ್ಸಿನ ಮುಂದಿರುವುದು ಒಂದು ಇಡೀ ಬಡಾವಣೆ. ಅದು ತಾನಾಗಿ ಆಸ್ಪತ್ರೆಗೆ ಬರುವುದಿಲ್ಲ. ತನಗೆಲ್ಲಿ ನೋವು ಎಂದು ಒಂದೇ ಬಾಯಿಂದ ಹೇಳುವುದೂ ಇಲ್ಲ. ಅದರ ಆರೋಗ್ಯ ಹೇಗಿದೆ ಎಂದು ತಿಳಿಯಬೇಕಾದರೆ ಅಲ್ಲಿ ಯಾರ್ಯಾರಿದ್ದಾರೆ, ಎಷ್ಟು ಮಂದಿಯಿದ್ದಾರೆ, ಯಾವಾಗ ಬಂದು ಯಾವಾಗ ಹೋಗುತ್ತಾರೆ ಎಂಬುದನ್ನೇ ಮೊದಲು ಹುಡುಕಿ ಬರೆದುಕೊಳ್ಳಬೇಕಾಗುತ್ತದೆ. ಗೋವಾದ ಮುರ್ಗಾಂವ್ ತಾಲ್ಲೂಕಿನಲ್ಲಿ, ವಾಸ್ಕೋ ಪಟ್ಟಣದ ಆಚೀಚೆ, ಗದಗ, ಕೊಪ್ಪಳ, ವಿಜಯಪುರ, ರಾಯಚೂರು ಕಡೆಯಿಂದ ಬಂದು ನೆಲೆಸಿದ ನಮ್ಮ ಜನರ ನಡುವೆ ಈ ಕೆಲಸ ಮಾಡುತ್ತ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯವೊಂದಿದೆ: ಸಮೀಕ್ಷೆಯ ಸತ್ವವೆಲ್ಲ ನಾವು ಯಾರನ್ನು ಲೆಕ್ಕಕ್ಕೆ ಹಿಡಿದೆವು ಎಂಬುದರಲ್ಲಿದೆ. ಆ ಒಂದು ಕೆಲಸ ಸರಿಯಾಗಿ ಆಗದಿದ್ದರೆ, ಉಳಿದ ಕೋಷ್ಟಕಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಅವು ಯಾವುದೋ ಬೇರೆ ಊರಿನ ವಿವರಗಳಾಗಿಬಿಡುತ್ತವೆ.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ವಿವರಿಸುತ್ತೇನೆ. ಒಂದು ಬಡಾವಣೆಯ ಲಸಿಕೆ ಪಟ್ಟಿಯಲ್ಲಿ 50 ಮಕ್ಕಳಿದ್ದು, ಅವರಲ್ಲಿ 48 ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ ಆಗಿದೆ ಎಂದುಕೊಳ್ಳೋಣ. ನೂರಕ್ಕೆ 96 ಎಂದು ವರದಿ ಹೋಗುತ್ತದೆ. ದಡಾರ ಹರಡದಂತೆ ತಡೆಯಲು ಸುಮಾರು ನೂರಕ್ಕೆ 95ರಷ್ಟು ಮಕ್ಕಳಲ್ಲಾದರೂ ರಕ್ಷಣೆ ಇರಬೇಕು ಎಂಬುದು ಎಲ್ಲರೂ ಒಪ್ಪಿದ ಮಾತು. ಆದ್ದರಿಂದ ಕಚೇರಿಯಲ್ಲಿ ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಅದೇ ಬಡಾವಣೆಯ ಹಿಂಬದಿಯಲ್ಲಿ, ಕಟ್ಟಡ ಕಾಮಗಾರಿಗೆ ಬಂದವರ ತಗಡಿನ ಶೆಡ್ಡುಗಳಲ್ಲಿ ಇನ್ನೂ 20 ಮಕ್ಕಳಿದ್ದು, ಅವರಲ್ಲಿ ಐವರಿಗೆ ಮಾತ್ರ ಲಸಿಕೆ ಆಗಿದ್ದರೆ, ನಿಜವಾದ ಲೆಕ್ಕ 70ಕ್ಕೆ 53, ಅಂದರೆ ನೂರಕ್ಕೆ 76ರ ಆಸುಪಾಸು. ರೋಗಕ್ಕೆ ನಮ್ಮ ಪಟ್ಟಿ ಗೊತ್ತಿಲ್ಲ. ಅದು ಶೆಡ್ಡಿನ ಮಗುವಿನಿಂದ ಅಂಗನವಾಡಿಯ ಮಗುವಿಗೆ, ಅಲ್ಲಿಂದ ಪಕ್ಕದ ಕಾಲೊನಿಯ ಮಗುವಿಗೆ ಸಲೀಸಾಗಿ ದಾಟಿಕೊಂಡು ಹೋಗುತ್ತದೆ. ಅಂಶವನ್ನು, ಅಂದರೆ ಲಸಿಕೆಯಾದವರ ಸಂಖ್ಯೆಯನ್ನು ಮಾತ್ರ ನೋಡಿ, ಛೇದವನ್ನು, ಅಂದರೆ ಒಟ್ಟು ಎಷ್ಟು ಮಂದಿ ಎಂಬುದನ್ನು ಪ್ರಶ್ನಿಸದೆ ಬಿಟ್ಟರೆ ಬರುವ ಫಲ ಇದು.

ಛೇದವನ್ನು ಸರಿಪಡಿಸಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ಗೋವಾದ ಅಧಿಕೃತ ಜನಸಂಖ್ಯೆ ಎಂದು ನಾವು ಇಟ್ಟುಕೊಂಡಿರುವುದು 2011ರ ಜನಗಣತಿಯದು. ಆಗ ಇಡೀ ರಾಜ್ಯದಲ್ಲಿ ಇದ್ದವರು 14,58,545 ಜನ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. 2011ರ ಲೆಕ್ಕದಲ್ಲೇ ಗೋವಾದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚಿದ್ದರು. ಅದು ಮನೆಬಾಗಿಲಲ್ಲಿ ಎಣಿಕೆದಾರರಿಗೆ ಸಿಕ್ಕವರ ಲೆಕ್ಕ. ಝುವಾರಿನಗರದಂಥ ಕಡೆ, ಗುಡ್ಡದ ಮೇಲಿನ ಕೋಮುನಿದಾದ್ (ಊರಿನ ಸಮುದಾಯದ ಒಡೆತನದ) ಜಮೀನಿನಲ್ಲಿ ಮನೆ ಕಟ್ಟಿಕೊಂಡು ತಲೆಮಾರು ಕಳೆದವರಿದ್ದಾರೆ. ಅವರ ಹಿತ್ತಲಿನ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಹೊಸ ಸಂಸಾರಗಳಿವೆ. ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗರಿದ್ದಾರೆ. ಕಾಮಗಾರಿ ಮುಗಿಯುತ್ತಲೇ ಶೆಡ್ಡು ಕಿತ್ತುಕೊಂಡು ಇನ್ನೊಂದು ತಾಲ್ಲೂಕಿಗೆ ಹೋಗುವವರಿದ್ದಾರೆ. ಇವರಲ್ಲಿ ಮೊದಲಿನವರ ಹೆಸರು ಮತದಾರರ ಪಟ್ಟಿಯಲ್ಲಾದರೂ ಸಿಗಬಹುದು, ಕೊನೆಯವರದು ಎಲ್ಲಿಯೂ ಸಿಗುವುದಿಲ್ಲ. ಹಾಗಿದ್ದೂ ಕಾಯಿಲೆಯ ಹೊರೆ ಹೆಚ್ಚು ಬೀಳುವುದು ಆ ಕೊನೆಯವರ ಮೇಲೆಯೇ.

ಈ ತೊಡಕು ಹೊಸದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿದ್ದ ಬ್ರಿಟಿಷ್ ಸೈನ್ಯದ ನೈರ್ಮಲ್ಯ ಸ್ಥಿತಿಯನ್ನು ಪರಿಶೀಲಿಸಲು 1859ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿನ ಹಿಂದೆ ನಿಂತು ದುಡಿದವರು ಅವರೇ. ಸೈನಿಕ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಒಂದು ಬ್ಯಾರಕ್ಕಿನಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬ ವಿವರಗಳನ್ನೆಲ್ಲ ತರಿಸಿಕೊಂಡು ಅವರು ವಿಶ್ಲೇಷಿಸಿದರು. 1863ರ ವರದಿಯ ಪ್ರಕಾರ ಸೈನಿಕರ ಸಾವಿನ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 69ರಷ್ಟಿತ್ತು, ಮತ್ತು ಅದರ ಬಹುಪಾಲು ಕಾರಣ ಯುದ್ಧವಾಗಿರದೆ ಕೆಟ್ಟ ನೀರು, ಚರಂಡಿಯ ಅಭಾವ ಹಾಗೂ ಇಕ್ಕಟ್ಟಿನ ವಾಸವಾಗಿತ್ತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅವರ ಮುಂದಿನ ಬೆಳವಣಿಗೆ. ಠಾಣೆಯ ಸುತ್ತಲಿನ ಜನರನ್ನು ಬಿಟ್ಟು ಠಾಣೆಯೊಳಗಿನವರ ಆರೋಗ್ಯವನ್ನು ಮಾತ್ರ ಕಾಪಾಡಲು ಆಗುವುದಿಲ್ಲ ಎಂಬುದು ಮನವರಿಕೆಯಾಗಿ, ನಂತರದ ದಶಕಗಳಲ್ಲಿ ಅವರು ಭಾರತದ ಹಳ್ಳಿಗಳ ನೀರು, ಬೆಳೆ, ಬರಗಾಲಗಳ ಕಡೆಗೆ ತಮ್ಮ ಗಮನವನ್ನು ತಿರುಗಿಸಿದರು. ಎಣಿಕೆಯ ಬೇಲಿಯನ್ನು ಅವರೇ ಹೊರಕ್ಕೆ ಸರಿಸಿದರು ಎನ್ನಬಹುದು.

ಇಂದಿನ ನರ್ಸಿಂಗ್ ಶಿಕ್ಷಣದಲ್ಲಿ ಸಮುದಾಯದ ಸಮೀಕ್ಷೆಗೆ ಕಲಿಸುವ ಚೌಕಟ್ಟುಗಳಲ್ಲಿ ಎಲಿಜಬೆತ್ ಆಂಡರ್ಸನ್ ಮತ್ತು ಜುಡಿತ್ ಮೆಕ್‌ಫಾರ್ಲೇನ್ ರೂಪಿಸಿದ ಮಾದರಿ ಹೆಚ್ಚು ಪರಿಚಿತವಾದದ್ದು. ಅದು ಸಮುದಾಯವನ್ನು ಸಹಭಾಗಿಯೆಂದು ಕಾಣುತ್ತದೆ. ನಡುವೆ ಜನರು, ಅವರ ಇತಿಹಾಸ, ಅವರ ನಂಬಿಕೆಗಳು. ಸುತ್ತಲೂ ಭೌತಿಕ ಪರಿಸರ, ಶಿಕ್ಷಣ, ಸುರಕ್ಷತೆ ಮತ್ತು ಸಾರಿಗೆ, ಆಡಳಿತ, ಆರೋಗ್ಯ ಮತ್ತು ಸಾಮಾಜಿಕ ಸೇವೆಗಳು, ಸಂಪರ್ಕ, ಆರ್ಥಿಕ ಸ್ಥಿತಿ, ಮನರಂಜನೆ ಎಂಬ ಎಂಟು ಅಂಗಗಳು. ಈ ಚೌಕಟ್ಟು ಒಳ್ಳೆಯದು, ಏಕೆಂದರೆ ಅದು ನಮ್ಮ ಕಣ್ಣನ್ನು ಕಾಯಿಲೆಯ ಮೇಲೆಯೇ ನೆಡಲು ಬಿಡುವುದಿಲ್ಲ. ಆದರೆ ಎಂಟೂ ಅಂಗಗಳಿಗೆ ಸಮನಾಗಿ ಹಾಳೆ ಹಂಚಿ ತುಂಬಿಸುವ ಅಭ್ಯಾಸವೊಂದು ವಿದ್ಯಾರ್ಥಿಗಳಲ್ಲಿ ಬೆಳೆಯುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಒಂದೊಂದು ಬಡಾವಣೆಯಲ್ಲಿ ಒಂದೊಂದು ಅಂಗ ಉಳಿದೆಲ್ಲವನ್ನೂ ಹಿಡಿದು ಆಡಿಸುತ್ತಿರುತ್ತದೆ. ಗುಡ್ಡದ ಮೇಲಿನ ನಮ್ಮ ಬಡಾವಣೆಗಳಲ್ಲಿ ಅದು ನೀರು.

ಮುರಕಲ್ಲಿನ ಬಯಲಿನಲ್ಲಿ ಮಳೆಗಾಲದ ಮೂರು ನಾಲ್ಕು ತಿಂಗಳು ನೀರು ಎಲ್ಲೆಲ್ಲೂ ನಿಂತಿರುತ್ತದೆ, ಉಳಿದ ತಿಂಗಳುಗಳಲ್ಲಿ ಕೊಡಕ್ಕೆ ಕಾಯಬೇಕಾಗುತ್ತದೆ. ದಕ್ಷಿಣ ಗೋವಾಕ್ಕೆ ನೀರು ಬಹುಪಾಲು ಸಾಳಾವಳಿ ಅಣೆಕಟ್ಟಿನಿಂದ, ಶುದ್ಧೀಕರಣವಾಗಿ, ಕೊಳವೆಗಳಲ್ಲಿ ಬರುತ್ತದೆ. ಶೆಡ್ಡುಗಳಲ್ಲಿ ಇರುವವರಿಗೆ ಸಾಮಾನ್ಯವಾಗಿ ಅದು ನೇರವಾಗಿ ಸಿಗುವುದಿಲ್ಲ. ಟ್ಯಾಂಕರು ಬಂದಾಗ ಬ್ಯಾರಲ್ಲುಗಳಲ್ಲಿ ತುಂಬಿಟ್ಟುಕೊಂಡು ದಿನಗಟ್ಟಲೆ ಬಳಸುತ್ತಾರೆ. ನೀರನ್ನು ಪರೀಕ್ಷಿಸಲು ನಾವು ಒಯ್ಯುವ ಪೆಟ್ಟಿಗೆ ಚಿಕ್ಕದು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಆರ್ಥೋಟಾಲಿಡಿನ್ ದ್ರಾವಣದ ಕೆಲವು ಹನಿ ಬಿಟ್ಟರೆ, ಕ್ಲೋರಿನ್ ಉಳಿದಿದ್ದಲ್ಲಿ ನೀರು ಹಳದಿಯಾಗುತ್ತದೆ; ಆ ಹಳದಿಯ ಗಾಢತೆಯನ್ನು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ಪ್ರಮಾಣವನ್ನು ಓದುತ್ತೇವೆ. ಬಳಸುವ ಹಂತದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಒಂದು ಶೆಡ್ಡು ಸಾಲಿನಲ್ಲಿ ಟ್ಯಾಂಕರಿನ ನಳದಿಂದ ಹಿಡಿದ ನೀರು ಹಳದಿಯಾಯಿತು. ಅದೇ ನೀರು ಎರಡು ದಿನ ಬ್ಯಾರಲ್ಲಿನಲ್ಲಿ ನಿಂತ ಮೇಲೆ, ತಳದಿಂದ ಚೊಂಬಿನಲ್ಲಿ ಎತ್ತಿ ಹಿಡಿದಾಗ, ಎಷ್ಟು ಹೊತ್ತಾದರೂ ಬಣ್ಣವೇ ಏರಲಿಲ್ಲ. ಬ್ಯಾರಲ್ಲಿನ ಒಳಗೋಡೆಗೆ ಬೆರಳು ಒರೆಸಿದರೆ ಲೋಳೆ ಅಂಟಿತು. ಮನೆಯೊಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. "ಅಕ್ಕಾರ, ಹಂಗಾದ್ರ ನೀರಿಂದೇನ ತಪ್ಪಿಲ್ಲ, ಬ್ಯಾರಲ್ದ ತಪ್ಪು ಅನ್ರಿ" ಎಂದಳು. ನೀರು ಸರಬರಾಜಿನ ದಾಖಲೆಯಲ್ಲಿ ಆ ಬಡಾವಣೆಯ ನೀರು ಸುರಕ್ಷಿತ ಎಂದೇ ಇರುತ್ತದೆ, ಮತ್ತು ಆ ದಾಖಲೆ ಸುಳ್ಳೂ ಅಲ್ಲ. ಬೇಧಿಯಾಗಿ ಬರುವ ಮಕ್ಕಳ ಮನೆಗೆ ಹೋಗಿ ಅವರು ಕುಡಿಯುವ ಚೊಂಬಿನ ನೀರನ್ನೇ ಪರೀಕ್ಷಿಸುವವರೆಗೆ ಅದು ಪೂರ್ಣ ಸತ್ಯವಾಗುವುದಿಲ್ಲ ಅಷ್ಟೇ.

ಇನ್ನೊಂದು ನೀರಿನ ಕಥೆ ಕಟ್ಟಡದ ಮೇಲಿನದು. ಸ್ಲ್ಯಾಬ್ ಹಾಕಿದ ಮೇಲೆ ಕಾಂಕ್ರೀಟು ಗಟ್ಟಿಯಾಗಲೆಂದು ಅದರ ಮೇಲೆ ಸಣ್ಣ ಬದುಗಳನ್ನು ಕಟ್ಟಿ ವಾರವೋ ಅದಕ್ಕಿಂತ ಹೆಚ್ಚೋ ನೀರು ನಿಲ್ಲಿಸುತ್ತಾರೆ. ಕೆಲಸದವರು ಅದನ್ನು ಕ್ಯೂರಿಂಗ್ ಎನ್ನುತ್ತಾರೆ. ಲಿಫ್ಟಿಗೆಂದು ತೋಡಿದ ಗುಂಡಿಯಲ್ಲೂ ನೀರು ತುಂಬಿರುತ್ತದೆ. ನಗರದ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಇಂಥ ತಿಳಿನೀರೇ ಬೇಕು, ಮತ್ತು ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬಿಸಿಲಿನ ದಿನಗಳಲ್ಲಿ ಅದಕ್ಕೆ ವಾರ ಹತ್ತು ದಿನ ಸಾಕು. ಬಗ್ಗಿ ನೋಡುವ ಅಭ್ಯಾಸವಿದ್ದರೆ ಮರಿಗಳನ್ನು ಗುರುತಿಸುವುದು ಕಷ್ಟವಲ್ಲ: ಅನಾಫಿಲಿಸಿನ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ, ಡೆಂಗಿಯನ್ನು ಹರಡುವ ಈಡಿಸಿನ ಮರಿ ಬಾಲವನ್ನು ಮೇಲ್ಮೈಗೆ ಚುಚ್ಚಿಕೊಂಡು ತಲೆಕೆಳಗಾಗಿ ತೂಗುತ್ತಿರುತ್ತದೆ. ಚಮಚದ ಹಿಡಿಯಂಥ ಉದ್ದನೆಯ ಕೋಲಿಗೆ ಕಟ್ಟಿದ ಬಿಳಿ ಬಟ್ಟಲಿನಲ್ಲಿ ನೀರು ಮೊಗೆದು ಬಿಸಿಲಿಗೆ ಹಿಡಿದು ಮೇಸ್ತ್ರಿಗೂ ಗೌಂಡಿಗಳಿಗೂ ತೋರಿಸಿದರೆ, ಭಾಷಣಕ್ಕೆ ಆಗದ ಕೆಲಸ ಅದರಿಂದ ಆಗುತ್ತದೆ.

ಗೋವಾದಲ್ಲಿ 1980ರ ದಶಕದ ಕೊನೆಯಲ್ಲಿ ಪಣಜಿಯ ಕಟ್ಟಡ ಕಾಮಗಾರಿಗಳ ಸುತ್ತ ಮಲೇರಿಯಾ ಬಲವಾಗಿ ತಲೆಯೆತ್ತಿತ್ತು. ಆ ಮೇಲೆ ಇಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮರಿನಾಶಕವನ್ನೂ, ಸೊಳ್ಳೆಮರಿ ತಿನ್ನುವ ಸ್ಥಳೀಯ ಮೀನನ್ನೂ ಬಳಸಿ ಪ್ರಯೋಗಗಳು ನಡೆದವು. 1985ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಅಡಿಯಲ್ಲಿ ಹೊರಗಿನಿಂದ ಬಂದ ಕಟ್ಟಡ ಕಾರ್ಮಿಕರಿಗೆ ರಕ್ತಪರೀಕ್ಷೆ ಮಾಡಿ ಆರೋಗ್ಯ ಕಾರ್ಡು ಕೊಡುವ ವ್ಯವಸ್ಥೆಯೂ ಬಂತು. ರೋಗವನ್ನು ಹತ್ತಿಕ್ಕುವಲ್ಲಿ ಇವೆಲ್ಲವುಗಳ ಪಾಲಿದೆ. ಆದರೆ ಕಾರ್ಡು ಮಾಡಿಸಿಕೊಳ್ಳುವವನು ಕೂಲಿಗೆ ಬರುವ ಗಂಡಸು. ಅವನ ಹೆಂಡತಿ ಅದೇ ಕಾಮಗಾರಿಯಲ್ಲಿ ಬುಟ್ಟಿ ಹೊರುತ್ತಿದ್ದರೂ ಎಷ್ಟೋ ಕಡೆ ಅವಳ ಹೆಸರು ಗುತ್ತಿಗೆದಾರರ ಪಟ್ಟಿಗೆ ಬರುವುದಿಲ್ಲ, ಮಕ್ಕಳದಂತೂ ಬರುವ ಪ್ರಶ್ನೆಯೇ ಇಲ್ಲ. ಸೊಳ್ಳೆ ರಾತ್ರಿ ಕಚ್ಚುವುದು ಶೆಡ್ಡಿನಲ್ಲಿ ಮಲಗಿದ ಐದೂ ಜನರನ್ನು. ನಾನು ಕಂಡ ಒಂದು ಕಾಮಗಾರಿಯಲ್ಲಿ ಪಟ್ಟಿ ಕೇಳಿದಾಗ ಗಂಡಸರ ಹೆಸರುಗಳ ಹಾಳೆಯೊಂದನ್ನು ಕೊಟ್ಟು, ಇಷ್ಟೇ ಜನ ಎಂದರು. ಶೆಡ್ಡಿನ ಮುಂದೆ ಒಣಹಾಕಿದ್ದ ಬಟ್ಟೆಗಳಲ್ಲಿ ಸೀರೆಗಳೂ ಲಂಗಗಳೂ ಕೂಸಿನ ಕುಲಾಯಿಗಳೂ ಇದ್ದವು. ಸಮೀಕ್ಷೆಗೆ ಹೋದವರು ಹಗ್ಗದ ಮೇಲಿನ ಬಟ್ಟೆಯನ್ನೂ ಓದಬೇಕು ಎಂದು ಹೊಸ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇದೇ ಕಾರಣಕ್ಕೆ.

ಯಾವ ಹೊತ್ತಿಗೆ ಹೋಗುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಕಚೇರಿಯ ವೇಳೆಯಲ್ಲಿ ಹೋದರೆ ಸಿಗುವವರು ವಯಸ್ಸಾದವರು, ಬಾಣಂತಿಯರು, ಜ್ವರ ಬಂದು ಮಲಗಿದವರು. ಇಡೀ ಬಡಾವಣೆಯೇ ಮುದಿಯಾಗಿದೆ, ಕಾಯಿಲೆ ಬಿದ್ದಿದೆ ಎಂದು ತೋರುತ್ತದೆ. ಬೆಳಗಿನ ಆರೂವರೆಗೆ ಕೂಲಿಕಾರರು ನಾಕಾದಲ್ಲಿ ನಿಂತಿರುವಾಗ ಹೋದರೆ ಬೇರೆಯದೇ ಬಡಾವಣೆ ಕಾಣುತ್ತದೆ, ಸಂಜೆ ಏಳರ ಮೇಲೆ ಒಲೆ ಹೊತ್ತಿದಾಗ ಇನ್ನೊಂದು. ಋತುವಿನ ಮಾತೂ ಹೀಗೆಯೇ. ಮುಂಗಾರು ಬಿತ್ತನೆಗೆಂದು ಮೇ ಜೂನಿನಲ್ಲಿ ಬಹಳಷ್ಟು ಸಂಸಾರಗಳು ಊರಿಗೆ ಹೋಗುತ್ತವೆ, ದಸರೆ ದೀಪಾವಳಿ ಮುಗಿಸಿಕೊಂಡು ಮರಳುತ್ತವೆ. ಮರಳಿದ ಮೇಲೂ ಸವದತ್ತಿ ಎಲ್ಲಮ್ಮನ ಜಾತ್ರೆ, ಬಾದಾಮಿ ಬನಶಂಕರಿಯ ಜಾತ್ರೆ ಎಂದು ವಾರ ಹದಿನೈದು ದಿನ ಶೆಡ್ಡುಗಳು ಖಾಲಿ ಇರುತ್ತವೆ. ಜುಲೈಯಲ್ಲಿ ಮಾಡಿದ ಎಣಿಕೆಯನ್ನು ಇಡೀ ವರ್ಷಕ್ಕೆ ಬಳಸಿದರೆ, ಲಸಿಕೆಯ ಬಾಟಲಿಯಿಂದ ಹಿಡಿದು ಸೊಳ್ಳೆಪರದೆಯವರೆಗೆ ಎಲ್ಲವೂ ಕಡಿಮೆ ಬೀಳುವುದು ಖಚಿತ. ನಮ್ಮ ಜನರ ಪಂಚಾಂಗ ಗೊತ್ತಿಲ್ಲದೆ ಗೋವಾದ ಈ ಬಡಾವಣೆಗಳ ಛೇದವನ್ನು ನಿರ್ಧರಿಸಲಾಗದು.

ಈ ಹೋಗಿಬರುವಿಕೆಯಲ್ಲಿ ಚಿಕಿತ್ಸೆಯ ಕೊಂಡಿಯೂ ಕಳಚುತ್ತದೆ. ವೈವ್ಯಾಕ್ಸ್ ಮಲೇರಿಯಾಕ್ಕೆ ಮೂರು ದಿನ ಕ್ಲೋರೋಕ್ವಿನ್ ಕೊಟ್ಟರೆ ಜ್ವರ ಬಿಡುತ್ತದೆ, ಆದರೆ ಯಕೃತ್ತಿನಲ್ಲಿ ಅಡಗಿದ ಪರಾವಲಂಬಿಯನ್ನು ಕೊಲ್ಲಲು ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಬೇಕು. ಜ್ವರ ಬಿಟ್ಟ ಮನುಷ್ಯ ನಾಲ್ಕನೆಯ ದಿನ ಕೆಲಸಕ್ಕೆ, ಏಳನೆಯ ದಿನ ಊರಿಗೆ ಹೊರಟರೆ ಉಳಿದ ಮಾತ್ರೆ ಚೀಲದ ತಳ ಸೇರುತ್ತದೆ. ಕ್ಷಯದ ಆರು ತಿಂಗಳ ಚಿಕಿತ್ಸೆಯಲ್ಲಿ ಈ ಅಪಾಯ ಇನ್ನೂ ದೊಡ್ಡದು. ಅದೃಷ್ಟವಶಾತ್ ಕ್ಷಯರೋಗಿಗಳ ವಿವರ ದಾಖಲಿಸುವ ಸರ್ಕಾರದ ನಿಕ್ಷಯ್ ಆನ್‌ಲೈನ್ ವ್ಯವಸ್ಥೆಯಲ್ಲಿ ರೋಗಿಯನ್ನು ಇನ್ನೊಂದು ಜಿಲ್ಲೆಗೆ ವರ್ಗಾಯಿಸಲು ಅವಕಾಶವಿದೆ. ಅವರು ಹೊರಡುವ ಮೊದಲು ನಮಗೆ ತಿಳಿಯಬೇಕು, ಅಷ್ಟೇ. ತಿಳಿಯಬೇಕಾದರೆ ಅವರು ನಮಗೆ ಹೇಳಬೇಕು. ಹೇಳಬೇಕಾದರೆ ನಮ್ಮ ಮೇಲೆ ನಂಬಿಕೆಯಿರಬೇಕು.

ನಂಬಿಕೆಯ ವಿಷಯದಲ್ಲಿ ಭಾಷೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ನಾನು ದಿನವೂ ಕಾಣುತ್ತೇನೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ದೇಶದ ಬೇರೆಲ್ಲ ಕಡೆ ನೆಲೆಯೂರಿದರೂ ಗೋವಾದಲ್ಲಿ ಜಾರಿಯಾಗಲಿಲ್ಲ. ಕೊಪ್ಪಳದಿಂದ ಬಂದ ಗರ್ಭಿಣಿಗೆ ಇದು ಗೊತ್ತಿರುವುದಿಲ್ಲ. ಊರಿನಲ್ಲಿ ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರುತ್ತಿದ್ದ, ಹೆರಿಗೆಗೆ ಜೊತೆಗೆ ಬರುತ್ತೇನೆ ಎಂದಿದ್ದ ಆ ಅಕ್ಕ ಇಲ್ಲಿಯೂ ಇರಬೇಕೆಂದು ಅವಳು ಕಾಯುತ್ತಾಳೆ. "ಇಲ್ಲಿ ಆಶಾ ಅಕ್ಕಾರು ಯಾರ್ರೀ?" ಎಂದು ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಇಲ್ಲಿ ಆ ಕೆಲಸವನ್ನು ನಾವೂ ಅಂಗನವಾಡಿ ಕಾರ್ಯಕರ್ತೆಯರೂ ಹಂಚಿಕೊಂಡು ಮಾಡಬೇಕು, ಮತ್ತು ಎಲ್ಲ ಶೆಡ್ಡುಗಳನ್ನೂ ಮುಟ್ಟುವಷ್ಟು ಕೈಗಳು ನಮ್ಮಲ್ಲಿಲ್ಲ. ಆರೋಗ್ಯ ಕೇಂದ್ರದ ಮಾತು ಕೊಂಕಣಿಯಲ್ಲಿ, ಫಲಕ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯಲ್ಲಿ ಇರುವಾಗ, ಓದುಬರಹ ಬಲ್ಲ ಕನ್ನಡದ ಹೆಣ್ಣುಮಗಳೂ ಅಲ್ಲಿ ಏನೂ ತಿಳಿಯದವಳಾಗಿ ನಿಲ್ಲಬೇಕಾಗುತ್ತದೆ.

ಮನೆಗೆ ಹೋದಾಗ ಮೊದಲು ಕೇಳುವ ಪ್ರಶ್ನೆಯಿಂದಲೇ ಸಮೀಕ್ಷೆಯ ಹಣೆಬರಹ ತೀರ್ಮಾನವಾಗುತ್ತದೆ. ಹಾಳೆ ತೆಗೆದು ಹೆಸರು, ಆಧಾರ್, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಶುರು ಮಾಡಿದರೆ ಬಾಗಿಲು ಅಲ್ಲಿಗೇ ಮುಚ್ಚಿತೆಂದು ತಿಳಿಯಬೇಕು. ಜಮೀನಿನ ಕಾಗದವಿಲ್ಲದ ಮನೆಯವರಿಗೆ ಬರೆದುಕೊಳ್ಳಲು ಬಂದವರೆಲ್ಲ ಒಂದೇ. ಮನೆ ಕೆಡವಲು ಅಳತೆ ತೆಗೆಯುವವರೂ ಹೀಗೆಯೇ ಬಂದು ಹೆಸರು ಕೇಳುತ್ತಾರೆ. ಒಮ್ಮೆ ಒಬ್ಬ ಹಿರಿಯ ತಾಯಿ, "ನಮ್ಮ ಹೆಸರು ಎಲ್ಲಿ ಹೋಗ್ತೈತಿ ಅನ್ನೂದ ಹೇಳ್ರಿ, ಆಮ್ಯಾಲ ಬರಕೊಳ್ರಿ" ಎಂದು ಪಟ್ಟಾಗಿ ಕುಳಿತಳು. "ಯವ್ವಾ, ಇದು ಆರೋಗ್ಯ ಕೇಂದ್ರದ ಬುಕ್ಕಿನ್ಯಾಗ ಇರ್ತೈತಿ, ಪಂಚಾಯ್ತಿಗೆ ಹೋಗೂದಿಲ್ಲ" ಎಂದು ಹೇಳಿ, ಬುಕ್ಕನ್ನೇ ಅವಳ ಮೊಮ್ಮಗಳ ಕೈಗೆ ಕೊಟ್ಟು ಓದಿಸಿದ ಮೇಲೆ ಮಾತು ಮುಂದುವರಿಯಿತು. ಅವಳ ಪ್ರಶ್ನೆ ನ್ಯಾಯವಾದದ್ದು. ಮಾಹಿತಿ ಕೊಡುವವರಿಗೆ ಅದರ ಗತಿ ಏನಾಗುತ್ತದೆ ಎಂದು ತಿಳಿಯುವ ಹಕ್ಕಿದೆ, ಮತ್ತು ಆ ಹಕ್ಕಿಗೆ ಉತ್ತರ ಕೊಡಲಾಗದ ಸಮೀಕ್ಷೆಯನ್ನು ಕೈಗೆತ್ತಿಕೊಳ್ಳಬಾರದು ಎಂದು ನಾನು ನಂಬುತ್ತೇನೆ.

ನಾನು ಸಾಮಾನ್ಯವಾಗಿ ಮಗುವಿನಿಂದ ಆರಂಭಿಸುತ್ತೇನೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಸುತ್ತುವ ಬಣ್ಣದ ಟೇಪು ಯಾರನ್ನೂ ಹೆದರಿಸುವುದಿಲ್ಲ. ಭುಜದ ಮೂಳೆಗೂ ಮೊಣಕೈಗೂ ನಡುವಿನ ಜಾಗ ಗುರುತಿಸಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು, ಟೇಪನ್ನು ಬಿಗಿಯದೆ ಜೋಲಾಗಿಸದೆ ಸುತ್ತಿ ಕಿಂಡಿಯಲ್ಲಿ ನೋಡಿದರೆ, 12.5 ಸೆಂಟಿಮೀಟರಿಗಿಂತ ಹೆಚ್ಚಿದ್ದಲ್ಲಿ ಹಸಿರು, 11.5ರಿಂದ 12.5ರವರೆಗೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು ಕಾಣುತ್ತದೆ. ಕೆಂಪು ಎಂದರೆ ತೀವ್ರ ಅಪೌಷ್ಟಿಕತೆ. ಆ ಮಗುವನ್ನು ಅಂದೇ ವೈದ್ಯರಿಗೆ ತೋರಿಸಬೇಕು. ತಾಯಿ ಬಣ್ಣವನ್ನು ತಾನೇ ನೋಡುತ್ತಾಳೆ, ಪಕ್ಕದ ಮನೆಯವಳನ್ನು ಕೂಗಿ ಅವಳ ಮಗುವನ್ನೂ ಕರೆಸುತ್ತಾಳೆ. ಹೀಗೆ ಮಕ್ಕಳು ತಾವಾಗಿ ಎಣಿಕೆಯೊಳಗೆ ಬರುತ್ತಾರೆ. ಆಮೇಲೆ ತಾಯಿ ಕಾರ್ಡು ಇದೆಯೇ ಎಂದು ಕೇಳಿದರೆ, ಟ್ರಂಕಿನ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕರ್ನಾಟಕದ ಕಾರ್ಡು ಹೊರಬರುತ್ತದೆ. ಎಷ್ಟೋ ಕಾರ್ಡುಗಳಲ್ಲಿ ಹುಟ್ಟಿದಾಗಿನ ಬಿಸಿಜಿ ಮತ್ತು ಪೋಲಿಯೋ, ಆರನೆಯ ವಾರದ ಪೆಂಟಾವೇಲೆಂಟ್ ಬರೆದಿದ್ದು, ಹತ್ತನೆಯ ಹಾಗೂ ಹದಿನಾಲ್ಕನೆಯ ವಾರದ ಚೌಕಗಳು ಖಾಲಿ ಇರುತ್ತವೆ. ತಾಯಿ ತವರಿನಿಂದ ಕೂಸನ್ನೆತ್ತಿಕೊಂಡು ಗಂಡನಿದ್ದಲ್ಲಿಗೆ ಬಂದ ವಾರ ಯಾವುದು ಎಂಬುದನ್ನು ಆ ಖಾಲಿ ಚೌಕಗಳೇ ಹೇಳುತ್ತವೆ.

ಕೊರತೆಗಳ ಪಟ್ಟಿ ಮಾಡಿದಷ್ಟೇ ಶ್ರದ್ಧೆಯಿಂದ ಬಡಾವಣೆಯಲ್ಲಿ ಇರುವುದರ ಪಟ್ಟಿಯನ್ನೂ ಮಾಡಬೇಕು. ಉದ್ದರಿ ಕೊಡುವ ಕಿರಾಣಿ ಅಂಗಡಿಯವರಿಗೆ ಹೊಸದಾಗಿ ಬಂದ ಸಂಸಾರ ಯಾವುದು, ಈ ತಿಂಗಳು ಯಾರ ಮನೆಯಲ್ಲಿ ಕೆಲಸವಿಲ್ಲ, ಯಾರು ಎರಡು ದಿನಕ್ಕೊಮ್ಮೆ ಕೆಮ್ಮಿನ ಔಷಧಿ ಕೇಳುತ್ತಿದ್ದಾರೆ ಎಂಬುದು ನಮಗಿಂತ ಮೊದಲು ಗೊತ್ತಾಗಿರುತ್ತದೆ. ಎರಡು ವಾರ ದಾಟಿದ ಕೆಮ್ಮಿನವರನ್ನು ಕಫ ಪರೀಕ್ಷೆಗೆ ಕಳಿಸಿಕೊಡಿ ಎಂದು ಅವರಿಗೆ ಹೇಳಿಟ್ಟರೆ ಅವರು ಸಂತೋಷದಿಂದ ಮಾಡುತ್ತಾರೆ. ಭಜನಾ ಮಂಡಳಿ, ಹೆಣ್ಣುಮಕ್ಕಳ ಸ್ವಸಹಾಯ ಸಂಘ, ಕನ್ನಡ ಕಲಿಸುವ ಗುರುಗಳು, ಊರಿಗೆ ಹೋಗುವ ಖಾಸಗಿ ಬಸ್ಸಿನ ಬುಕಿಂಗ್ ಏಜೆಂಟು ಇವರೆಲ್ಲ ಸಮುದಾಯದ ಆರೋಗ್ಯದ ಆಸ್ತಿ ಎಂದೇ ನನ್ನ ಲೆಕ್ಕ. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಒಬ್ಬ ಅಜ್ಜಿಯಾದರೂ ಪ್ರತಿ ಸಾಲಿನಲ್ಲಿ ಇರುತ್ತಾಳೆ. ಬೇಧಿಯಾದ ಮಗುವಿಗೆ ಓಆರ್‌ಎಸ್ ಕಲಸಿ ಕುಡಿಸುವುದನ್ನು ಮೊದಲು ಕಲಿಸಬೇಕಾದದ್ದು ಅವಳಿಗೆ.

ಸಂಗ್ರಹಿಸಿದ ವಿವರಗಳನ್ನು ಅಲ್ಲಿನ ಜನರ ಮುಂದೆಯೇ ಇಟ್ಟು ಮಾತಾಡುವ ಹಂತ ಹೆಚ್ಚಿನ ಕಡೆ ಬಿಟ್ಟುಹೋಗುತ್ತದೆ. ಆದ್ಯತೆ ನಿರ್ಧರಿಸಲು ವಿಧಾನಗಳಿವೆ. ಹ್ಯಾನ್ಲನ್ ಎಂಬವರ ಹೆಸರಿನ ವಿಧಾನದಲ್ಲಿ ಸಮಸ್ಯೆಯ ವ್ಯಾಪ್ತಿ, ಅದರ ತೀವ್ರತೆ ಮತ್ತು ಪರಿಹಾರದ ಫಲಕಾರಿತ್ವಕ್ಕೆ ಅಂಕ ಕೊಟ್ಟು, ತೀವ್ರತೆಗೆ ಎರಡು ಪಟ್ಟು ತೂಕವಿಟ್ಟು ಮೊದಲೆರಡನ್ನು ಕೂಡಿಸಿ, ಮೂರನೆಯದರಿಂದ ಗುಣಿಸುತ್ತಾರೆ. ಅದು ಉಪಯುಕ್ತ. ಆದರೆ ಆ ಅಂಕಗಳನ್ನು ಕಚೇರಿಯಲ್ಲಿ ಕುಳಿತು ತುಂಬಿದಾಗ ಎದ್ದು ಬರುವ ಆದ್ಯತೆ ಬೇರೆ, ಗುಡಿಯ ಕಟ್ಟೆಯ ಮೇಲೆ ಕುಳಿತು ತುಂಬಿದಾಗ ಬರುವುದು ಬೇರೆ. ನಾವು ಸೊಳ್ಳೆ, ಲಸಿಕೆ, ರಕ್ತಹೀನತೆ ಎಂದು ಕ್ರಮವಾಗಿ ಬರೆದುಕೊಂಡು ಹೋದ ಒಂದು ಸಭೆಯಲ್ಲಿ ಹೆಣ್ಣುಮಕ್ಕಳು ಮೊದಲು ಎತ್ತಿದ್ದು ಸಂಡಾಸಿಗೆ ಹೋಗುವ ದಾರಿಯ ದೀಪದ ಮಾತನ್ನು. ಕತ್ತಲಾದ ಮೇಲೆ ಆ ದಾರಿಯಲ್ಲಿ ಹೋಗಲು ಹೆದರಿ ಅವರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಗಂಟೆಗಟ್ಟಲೆ ತಡೆದುಕೊಂಡಿರುವುದು ಅಲ್ಲಿ ವಾಡಿಕೆಯಾಗಿತ್ತು. ನಮ್ಮ ಹೊರರೋಗಿ ವಿಭಾಗದ ರಿಜಿಸ್ಟರಿನಲ್ಲಿ ಆ ಬಡಾವಣೆಯ ಹೆಣ್ಣುಮಕ್ಕಳ ಹೆಸರಿನ ಮುಂದೆ ಮತ್ತೆ ಮತ್ತೆ ಕಾಣುತ್ತಿದ್ದ ಉರಿಮೂತ್ರದ ದೂರಿಗೆ ಕಾರಣ ಆಗ ತಿಳಿಯಿತು. ಮಾತ್ರೆ ಕೊಡುವುದು ನಮ್ಮ ಕೈಲಿತ್ತು, ಕೊಡುತ್ತಲೇ ಇದ್ದೆವು. ಆ ದಾರಿಗೆ ಎರಡು ದೀಪ ಬೇಕು ಎಂಬುದು ಯಾವ ವೈದ್ಯಕೀಯ ಕೋಷ್ಟಕದಲ್ಲೂ ಇರಲಿಲ್ಲ. ವಿಷಯವನ್ನು ಆರೋಗ್ಯದ ಬೇಡಿಕೆಯೆಂದೇ ಬರೆದು, ರಿಜಿಸ್ಟರಿನ ಸಂಖ್ಯೆಗಳನ್ನು ಜೊತೆಗಿಟ್ಟು ಸ್ಥಳೀಯ ಆಡಳಿತಕ್ಕೆ ಕೊಟ್ಟೆವು. ದೀಪ ಬರಲು ತಡವಾಯಿತು, ಆದರೆ ಬಂತು.

ಈಗ ನಾವು ರೂಢಿಸಿಕೊಂಡಿರುವ ಕ್ರಮ ಹೀಗಿದೆ. ವರ್ಷಕ್ಕೆ ಎರಡು ಬಾರಿ ಎಣಿಕೆ: ಒಂದು ದೀಪಾವಳಿಯ ನಂತರ, ಇನ್ನೊಂದು ಯುಗಾದಿ ಕಳೆದ ಮೇಲೆ, ಜನ ಊರಿಗೆ ಹೊರಡುವ ಮುನ್ನ. ಆರೋಗ್ಯ ಕಾರ್ಡಿಗೆಂದು ಬಂದ ಪ್ರತಿಯೊಬ್ಬ ಕಾರ್ಮಿಕನಿಗೂ, ಶೆಡ್ಡಿನಲ್ಲಿ ಮಲಗುವವರು ಎಷ್ಟು ಜನ, ಐದು ವರ್ಷದೊಳಗಿನ ಮಕ್ಕಳೆಷ್ಟು, ಬಸುರಿಯರಿದ್ದಾರೆಯೇ ಎಂಬ ಮೂರು ಪ್ರಶ್ನೆ. ಊರಿಗೆ ಹೋಗುವ ಮಗುವಿನ ತಾಯಿ ಕಾರ್ಡಿನಲ್ಲಿ ಮುಂದಿನ ಲಸಿಕೆಯ ದಿನಾಂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯುವುದು, ಮತ್ತು ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರು ತಾಯಿಯ ಬಳಿ ಇದ್ದರೆ ಅಲ್ಲೇ ನಿಂತು ಕರೆ ಮಾಡಿ ತಿಳಿಸುವುದು. ಆ ಕಡೆಯಿಂದ "ಆತು ಬಿಡ್ರಿ ಸಿಸ್ಟರ್, ನಾ ನೋಡ್ಕೋತೇನಿ" ಎಂಬ ಉತ್ತರ ಬಂದ ಮೇಲೆಯೇ ನಮ್ಮ ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ ಗುರುತು ಹಾಕುತ್ತೇವೆ. ಇದನ್ನು ಓದುತ್ತಿರುವ ಗೋವಾದ ಕನ್ನಡಿಗರಲ್ಲಿ ಅಂಗಡಿಯವರು, ಶಿಕ್ಷಕರು, ಗುತ್ತಿಗೆ ಮೇಸ್ತ್ರಿಗಳು ಇದ್ದರೆ ಅವರಲ್ಲಿ ನನ್ನದೊಂದು ಕೇಳಿಕೆಯಿದೆ: ನಿಮ್ಮ ಬೀದಿಯ ಹಿಂದೆ ಹೊಸ ಶೆಡ್ಡು ಎದ್ದದ್ದು ಕಂಡ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಂದು ಮಾತು ತಿಳಿಸಿ, ಅದರಲ್ಲಿ ಮಕ್ಕಳಿದ್ದಾರೆಯೇ ಎಂಬುದನ್ನು ತಪ್ಪದೆ ಹೇಳಿ.